ಬೆಳಗಾವಿಯಲ್ಲಿ ಒಣಗಿದ ಸರ್ಫ್‌ಬೋರ್ಡು

ಬೋರ್ಡನ್ನು ಶೆಡ್ಡಿನಲ್ಲಿ ಇಳಿಸಿದ ದಿನ ಅವ್ವ ಬಂದು ನೋಡಿದಳು. "ಇಷ್ಟುದ್ದ ಇಸ್ತ್ರಿ ಹಲಗಿ ಯಾರಿಗ್ ಬೇಕೋ?" ಅಂದಳು. ಇದರ ಮೇಲೆ ನಿಂತು ಸಮುದ್ರದ ಅಲೆಯಲ್ಲಿ ಹೋಗ್ತಾರೆ ಅಂತ ಹೇಳಿದೆ. "ಸಮುದ್ರ ಎಲ್ಲೈತಿ, ನೀ ಎಲ್ಲೀದಿ" ಅಂತ ನಕ್ಕು ಒಳಗೆ ಹೋದಳು. ಮಾತು ಖರೇನೇ. ನನಗೆ ಈಜು ಕೂಡ ಬರುವುದಿಲ್ಲ.

ನನ್ನದು ಫೈಬರ್ ಕೆಲಸ. ಉದ್ಯಮಬಾಗ್ ಕಡೆ ಸಣ್ಣ ಶೆಡ್ಡು. ರಿಕ್ಷಾ ಟಾಪು, ಬಸ್ಸಿನ ಬಂಪರ್, ಒಡೆದ ನೀರಿನ ಟ್ಯಾಂಕು, ಗಣಪತಿ ಹಬ್ಬ ಬಂತೆಂದರೆ ಮಂಟಪದ ಕಮಾನು. ಚೋರ್ಲಾ ಘಾಟ್ ಇಳಿದರೆ ಗೋವಾ. ಒಮ್ಮೆ ಅಲ್ಲಿ ದೋಣಿ ರಿಪೇರಿಗೆ ಹೋದಾಗ ಸರ್ಫಿಂಗ್ ಕಲಿಸುವ ಒಬ್ಬರ ಪರಿಚಯವಾಯಿತು. ಅವರ ಅಂಗಳದಲ್ಲಿ ಹಳೇ ಬೋರ್ಡುಗಳು ಬಿದ್ದಿದ್ದವು. "ದೋಣಿ ಮಾಡುವವರು ಇದನ್ನೂ ಮಾಡಬಹುದು ಅಲ್ವಾ?" ಅಂದರು. ನಾನು ಹೂಂ ಅಂದುಬಿಟ್ಟೆ.

ಮೊದಲನೇ ಬೋರ್ಡನ್ನು ನಾನು ಕೆಡಿಸಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅದು ಜೂನ್ ತಿಂಗಳು. ಬೆಳಗಾವಿಯ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ಬೋರ್ಡಿನ ಮೂತಿ ಒಡೆದಿತ್ತು. ಹತ್ತು ದಿನ ಶೆಡ್ಡಿನಲ್ಲಿ ಇಟ್ಟೆ, ಮುಟ್ಟಿದರೆ ಒಣಗಿದ ಹಾಗೆ ಕಂಡಿತು. ಗಾಜಿನ ನೂಲಿನ ಬಟ್ಟೆ ಹಾಕಿ, ಅದರ ಮೇಲೆ ರೆಸಿನ್, ಅಂದರೆ ಆರಿ ಗಟ್ಟಿಯಾಗುವ ಅಂಟು, ಎಳೆದು, ಕನ್ನಡಿ ಹಾಗೆ ಪಾಲಿಶ್ ಮಾಡಿ ಕಳಿಸಿದೆ. ದೀಪಾವಳಿ ಮುಗಿದ ಮೇಲೆ ಫೋನ್ ಬಂತು. ಬಿಸಿಲಲ್ಲಿ ಇಟ್ಟಾಗ ನಾನು ಹಾಕಿದ ತೇಪೆಯ ಪಕ್ಕದಲ್ಲೇ ಪೂರಿ ಹಾಗೆ ಉಬ್ಬಿತ್ತು. ಒಳಗೆ ಉಳಿದ ನೀರು ಬಿಸಿಗೆ ಆವಿಯಾಗಿ, ಹೊರಗೆ ಹೋಗಲು ದಾರಿ ಸಿಗದೆ, ಗ್ಲಾಸನ್ನೇ, ಅಂದರೆ ಬಟ್ಟೆ-ರೆಸಿನ್ನಿನ ಗಟ್ಟಿ ಪದರವನ್ನೇ, ಒಳಗಿನ ಫೋಮಿನಿಂದ ಎಬ್ಬಿಸಿತ್ತು. ನೀರನ್ನು ಒಳಗೆ ಹಾಕಿ ಮುಚ್ಚಳ ಬಿಗಿದವನು ನಾನೇ.

ಬೋರ್ಡಿನ ಹೊಟ್ಟೆಯಲ್ಲಿ ಏನಿದೆ ಅಂತ ಗೊತ್ತಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಮೊದಲೆಲ್ಲ ಬಾಲ್ಸಾ ಮರದಲ್ಲಿ ಮಾಡುತ್ತಿದ್ದರು. 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಪಾಲಿಯುರೆಥೇನ್ ಫೋಮಿನಲ್ಲಿ ಬೋರ್ಡು ಮಾಡಿ ಮಾರತೊಡಗಿದರು. ಫ್ರಿಜ್ಜಿನ ಗೋಡೆಯೊಳಗೆ ಹಳದಿ ಗಟ್ಟಿ ಫೋಮ್ ಇರುತ್ತದಲ್ಲ, ಅದರ ಅಣ್ಣತಮ್ಮ ಇದು. ನಟ್ಟನಡುವೆ ಮೂತಿಯಿಂದ ಬಾಲದವರೆಗೆ ಒಂದು ತೆಳು ಮರದ ಪಟ್ಟಿ. ಅದಕ್ಕೆ ಸ್ಟ್ರಿಂಗರ್ ಅನ್ನುತ್ತಾರೆ. ಇಷ್ಟರ ಮೇಲೆ ಗ್ಲಾಸ್ ಬಟ್ಟೆ ಹೊದಿಸಿ ಪಾಲಿಯೆಸ್ಟರ್ ರೆಸಿನ್ ಎಳೆದರೆ ಬೋರ್ಡು. ಮುಂದೆ ಕ್ಲಾರ್ಕ್ ಅವರ ಕಂಪನಿಯೇ ಅಮೆರಿಕದ ಬಹುಪಾಲು ಬೋರ್ಡುಗಳಿಗೆ ಫೋಮ್ ಕೊಡುತ್ತಿತ್ತು. 2005ರ ಡಿಸೆಂಬರ್ 5ರಂದು ಒಂದೇ ದಿನದಲ್ಲಿ ಬಾಗಿಲು ಹಾಕಿತು. ಸರ್ಫಿಂಗ್ ಜನ ಆ ದಿನವನ್ನು ಇನ್ನೂ ಬ್ಲಾಂಕ್ ಮಂಡೇ ಅಂತಾರೆ. ಬೋರ್ಡು ಕೆತ್ತುವ ಫೋಮಿನ ದಿಮ್ಮಿಗೆ ಅವರ ಭಾಷೆಯಲ್ಲಿ ಬ್ಲಾಂಕ್.

ಗ್ಲಾಸು ಗಟ್ಟಿ ಇರುವ ತನಕ ಫೋಮಿಗೆ ನೀರು ತಾಗುವುದಿಲ್ಲ. ಕೂದಲೆಳೆಯಷ್ಟು ಬಿರುಕು ಸಾಕು, ಒಡೆದ ಜಾಗದ ಫೋಮು ನೀರು ಕುಡಿಯುತ್ತದೆ.

ಎರಡನೇ ಬೋರ್ಡು ಬಂದದ್ದು ಫೆಬ್ರವರಿಯಲ್ಲಿ. ಗೋವಾದ ಆ ಗಿರಾಕಿ ಬೇರೆ ಕಡೆ ಕೊಡಬಹುದಿತ್ತು, ಮತ್ತೆ ನನಗೇ ಕೊಟ್ಟರು. ಉದ್ದ 7 ಅಡಿ 2 ಇಂಚು, ಹಳೇ ಪೇಪರ್ ಹಾಗೆ ಹಳದಿ. ಹಿಂದೆ ಒಂದೇ ರೆಕ್ಕೆ, ಅಂದರೆ ಫಿನ್ನು, ಅದೂ ಬೋರ್ಡಿಗೆ ಸೇರಿಸಿಯೇ ಗ್ಲಾಸ್ ಹಾಕಿದ್ದು. 1981ರಲ್ಲಿ ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ ಮೂರು ಫಿನ್ನಿನ ಬೋರ್ಡಿನಲ್ಲಿ ದೊಡ್ಡ ದೊಡ್ಡ ಸ್ಪರ್ಧೆ ಗೆದ್ದ ಮೇಲೆ ಎಲ್ಲರೂ ಮೂರರ ಕಡೆಗೇ ಹೋದರು. ಹಾಗಾಗಿ ಒಂದು ಫಿನ್ನಿನ ಈ ಅಳತೆಯ ಬೋರ್ಡು ಎಪ್ಪತ್ತರ ದಶಕದ್ದಿರಬಹುದು ಅಂತ ಲೆಕ್ಕ ಹಾಕಿದೆ. ಕಾಲಿಗೆ ಕಟ್ಟುವ ಹಗ್ಗಕ್ಕೆ ಈಗಿನ ಹಾಗೆ ಪ್ಲಗ್ ಇರಲಿಲ್ಲ. ಫಿನ್ನಿನ ಬುಡದಲ್ಲಿ ಒಂದು ತೂತು, ಅಷ್ಟೇ. ಹಗ್ಗ ಬಳಕೆಗೆ ಬಂದದ್ದೇ ಎಪ್ಪತ್ತರ ದಶಕದಲ್ಲಿ. ಲೆಕ್ಕ ಕೂಡಿತು.

ಮೊದಲ ಕೆಲಸ ಮೇಣ ತೆಗೆಯೋದು. ಕಾಲು ಜಾರಬಾರದು ಅಂತ ಮೇಲೆ ಮೇಣ ಉಜ್ಜಿರುತ್ತಾರೆ. ವರ್ಷಗಟ್ಟಲೆ ಧೂಳು, ಮರಳು ಕೂಡಿ ಅದು ಡಾಂಬರಿನಂತಾಗಿತ್ತು. ಹತ್ತು ನಿಮಿಷ ಎಳೆಬಿಸಿಲಿಗೆ ಹಿಡಿದರೆ ಮೆತ್ತಗಾಗುತ್ತದೆ. ಹಳೇ ಎಟಿಎಂ ಕಾರ್ಡಿನಿಂದ ಕೆರೆದೆ. ಉಳಿದ ಜಿಡ್ಡಿಗೆ ಜೋಳದ ಹಿಟ್ಟು ಉದುರಿಸಿ ಬಟ್ಟೆಯಿಂದ ಉಜ್ಜಿದೆ. ಹಿಟ್ಟು ಮೇಣವನ್ನು ಹೀರಿಕೊಂಡು ಕರೀ ಉಂಡೆ ಉಂಡೆಯಾಗಿ ಉದುರುತ್ತದೆ. ಆಮೇಲೆ ಅಸಿಟೋನಿನಲ್ಲಿ ಒಂದು ಕೈ ಒರೆಸಿದರೆ ಮುಗಿಯಿತು. ಅರ್ಧ ಕಿಲೋ ಹಿಟ್ಟು ಹೋಯಿತು. ಅವ್ವನಿಗೆ ಅದು ಇನ್ನೂ ಸಿಟ್ಟು.

ಮೇಣ ಹೋದ ಮೇಲೆ ಸ್ಟ್ರಿಂಗರಿನ ಪಕ್ಕ, ಗ್ಲಾಸಿನ ಅಡಿಯಲ್ಲಿ, ಪೆನ್ಸಿಲ್ ಬರಹ ಕಂಡಿತು. 7-2 ಅಂತ, ಮುಂದೆ ಇನ್ನೆರಡು ಅಂಕಿ. ಬೋರ್ಡು ಕೆತ್ತಿದವನು ಗ್ಲಾಸ್ ಹಾಕುವ ಮುಂಚೆ ಫೋಮಿನ ಮೇಲೆ ಅಳತೆ ಬರೆದಿಡುತ್ತಾನೆ. ಏಳರ ಅಡ್ಡಗೆರೆ ಎಳೆಯುವಾಗ ಪೆನ್ಸಿಲ್ ಫೋಮಿಗೆ ಸ್ವಲ್ಪ ಒತ್ತಿದ ಗುರುತು ಕೂಡ ಹಾಗೇ ಇತ್ತು. ಆವತ್ತೇ ಠರಾವು ಮಾಡಿದೆ, ಈ ಬೋರ್ಡಿಗೆ ಬಣ್ಣ ಹೊಡೆಯುವುದಿಲ್ಲ. ಗಿರಾಕಿ ಬಿಳಿ ಮಾಡಿಕೊಡಿ ಅಂದಿದ್ದರು. ಫೋನಿನಲ್ಲೇ ಬೇಡ ಅಂದೆ. ಬಿಳಿ ಬೇಕಿದ್ದರೆ ಹೊಸದು ತಗೊಳ್ಳಲಿ.

ಆಮೇಲೆ ಒಣಗಿಸೋದು. ಈ ಸಲ ಕಣ್ಣು, ಕೈ ಎರಡನ್ನೂ ನಂಬಲಿಲ್ಲ, ತಕ್ಕಡಿ ನಂಬಿದೆ. ಒಡೆದ ಜಾಗದ ಸಡಿಲ ಗ್ಲಾಸನ್ನೆಲ್ಲ ಕತ್ತರಿಸಿ ತೆಗೆದೆ. ಒಳಗಿನ ಫೋಮನ್ನು ಬೆರಳಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿದೆ, ಉಪ್ಪು. (ನೀವು ಹೀಗೆ ಮಾಡಬೇಡಿ, ನನ್ನದು ಹಳೇ ಚಟ.) ಉಪ್ಪು ಉಳಿದರೆ ಅದು ಗಾಳಿಯ ತೇವ ಎಳೆಯುತ್ತಲೇ ಇರುತ್ತದೆ. ಸಿಹಿನೀರಿನಲ್ಲಿ ಆ ಜಾಗ ಎರಡು ಸಲ ತೊಳೆದೆ. ಗಾಯ ಕೆಳಗೆ ಬರುವ ಹಾಗೆ ನೆರಳಲ್ಲಿ, ಗಾಳಿ ಆಡುವ ಕಡೆ ತೂಗುಹಾಕಿದೆ. ಬಿಸಿಲಿಗೆ ಇಡಲಿಲ್ಲ, ಪೂರಿ ನೆನಪಿತ್ತು. ಪಕ್ಕದ ಗುಜರಿಯವರ ತಕ್ಕಡಿಯಲ್ಲಿ ತೂಗಿದಾಗ 6.8 ಕಿಲೋ. ಪ್ರತಿ ರವಿವಾರ ಹೊತ್ತುಕೊಂಡು ಹೋಗಿ ತೂಗಿಸೋದು, ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯೋದು. 6.6. 6.4. 6.25. ಗುಜರಿ ಕಾಕಾ, "ಏನ್ರೀ, ಪೇಷಂಟ್ ಇನ್ನೂ ಸೊರಗಾಕತ್ತಾನ?" ಅಂತ ಕೇಳೋರು. ಆರನೇ ವಾರ 6.1. ಏಳನೇ ವಾರವೂ 6.1. ಎಂಟನೇ ವಾರವೂ ಅಷ್ಟೇ ಬಂದ ಮೇಲೆ ರೆಸಿನ್ ಡಬ್ಬಿ ತೆಗೆದೆ. ಫೆಬ್ರವರಿಯಿಂದ ಏಪ್ರಿಲ್ ತನಕ ನಮ್ಮ ಕಡೆಯ ಒಣಗಾಳಿಯೇ ಅರ್ಧ ರಿಪೇರಿ ಮಾಡಿಕೊಟ್ಟಿತು.

ನಾವು ಟ್ಯಾಂಕಿಗೆ ಹಾಕುವ ಮ್ಯಾಟ್, ಅಂದರೆ ನೇಯದೆ ಗಾಜಿನ ಎಳೆ ಒತ್ತಿ ಮಾಡಿದ ಹಾಸು, ಇಲ್ಲಿ ನಡೆಯಲ್ಲ. ಅದು ದಪ್ಪ, ಭಾರ, ರೆಸಿನ್ ಜಾಸ್ತಿ ಕುಡಿಯುತ್ತದೆ. ನೇಯ್ದ ಬಟ್ಟೆಯೇ ಬೇಕು. ಸರ್ಫಿಂಗಿನವರು 4 ಔನ್ಸ್, 6 ಔನ್ಸ್ ಅಂತಾರೆ. ನಮ್ಮ ಅಂಗಡಿ ಲೆಕ್ಕದಲ್ಲಿ ಅದು ಸುಮಾರು 135 ಮತ್ತು 200 ಜಿಎಸ್ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಗ್ರಾಮಿನಲ್ಲಿ. ಪುಣೆಯಿಂದ 200ರದ್ದು ತರಿಸಿದೆ.

ಗುಂಡಿ ತುಂಬಲು ಕಾರಿನ ಪುಟ್ಟಿ ಹಾಕಿದರೆ ಕಲ್ಲು ಕಟ್ಟಿದ ಹಾಗೆ ಭಾರ. ರೆಸಿನ್ನಿಗೆ ಮೈಕ್ರೋಬಲೂನ್ ಪುಡಿ ಕಲಸಿ ಇಡ್ಲಿ ಹಿಟ್ಟಿನ ಹದಕ್ಕೆ ತಂದೆ. ಅದು ಬರೀ ಗಾಳಿ ತುಂಬಿದ ಗಾಜಿನ ಸಣ್ಣ ಸಣ್ಣ ಗುಳ್ಳೆ, ಊದಿದರೆ ಹಾರುತ್ತದೆ, ಮುಖಕ್ಕೆ ಮಾಸ್ಕ್ ಬೇಕೇ ಬೇಕು. ಬಿಳಿ ತೇಪೆ ಎದ್ದು ಕಾಣಬಾರದು ಅಂತ ಹಳದಿ ಪಿಗ್ಮೆಂಟು, ಕಡ್ಡಿ ತುದಿಯಷ್ಟು ಕಂದು ಸೇರಿಸಿದೆ. ಚಹಾದ ಬಣ್ಣ ಹೊಂದಿಸಿದ ಹಾಗೆ ನಾಲ್ಕು ಸಲ ನೋಡಿದೆ. ಆದರೂ ಒಂದು ಛಾಯೆ ಹೆಚ್ಚೇ ಆಯಿತು. ಬಿಟ್ಟೆ.

ರೆಸಿನ್ ಕಲಸುವಾಗ ಒಂದು ಮಾತು, ಹೊಸಬರಿಗೆ. ರೆಸಿನ್ ಗಟ್ಟಿಯಾಗಿಸೋದು ಹಾರ್ಡನರ್, ಆ ಕೆಲಸಕ್ಕೆ ವೇಗ ಕೊಡೋದು ಕೋಬಾಲ್ಟ್; ನಮ್ಮಲ್ಲಿ ಎರಡೂ ಬೇರೆ ಬೇರೆ ಬಾಟಲಿಯಲ್ಲಿ ಬರುತ್ತವೆ. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಎರಡನ್ನೂ ನೇರ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತುತ್ತದೆ, ಸ್ಫೋಟವೂ ಆಗಬಹುದು. ತಮಾಷೆಯಲ್ಲ. ನೂರು ಗ್ರಾಮ್ ರೆಸಿನ್ನಿಗೆ ಹಾರ್ಡನರ್ ಒಂದರಿಂದ ಎರಡು ಗ್ರಾಮ್ ಸಾಕು, ಏಪ್ರಿಲ್ ಮಧ್ಯಾಹ್ನ ಒಂದೇ ಹಾಕಿ. ನಾನು ಅವಸರದಲ್ಲಿ ಜಾಸ್ತಿ ಸುರಿದು ಡಬ್ಬಿಯೊಳಗೇ ಹೊಗೆ ಎದ್ದು, ಅರ್ಧ ಕಿಲೋ ರೆಸಿನ್ ಬೆಲ್ಲದ ಅಚ್ಚಾಯಿತು. ಆಮೇಲೆ ಬೆಳಿಗ್ಗೆ ಏಳಕ್ಕೇ ಕೆಲಸ ಮುಗಿಸತೊಡಗಿದೆ. ಇನ್ನೊಂದು, ಈಗಿನ ಕೆಲವು ಬೋರ್ಡುಗಳ ಒಳಗೆ ಇರೋದು ಥರ್ಮಾಕೋಲ್. ಅದಕ್ಕೆ ಪಾಲಿಯೆಸ್ಟರ್ ರೆಸಿನ್ ತಾಗಿಸಿದರೆ ಕರಗಿ ಹೋಗುತ್ತದೆ, ಎಪಾಕ್ಸಿ ಅನ್ನುವ ಬೇರೆ ಜಾತಿಯ ರೆಸಿನ್ನೇ ಬೇಕು.

ಪೆನ್ಸಿಲ್ ಬರಹದ ಮೇಲೆಯೇ ಅಂಗೈಯಗಲ ಗ್ಲಾಸು ಫೋಮಿನಿಂದ ಎದ್ದಿತ್ತು. ಬೆರಳಲ್ಲಿ ಬಡಿದರೆ ಟೊಳ್ಳು ಸದ್ದು. ಸಲೀಸು ದಾರಿ ಅಂದರೆ ಕತ್ತರಿಸಿ ಹೊಸದು ಹಾಕೋದು. ಆದರೆ ಆ ಏಳು? ಅಂಚಿನಲ್ಲಿ ಎರಡು ಸಣ್ಣ ತೂತು ಕೊರೆದೆ. ಒಂದರಲ್ಲಿ ದನಕ್ಕೆ ಚುಚ್ಚುವ ದಪ್ಪ ಸೂಜಿಯ ಸಿರಿಂಜಿನಿಂದ ರೆಸಿನ್ ಒಳಗೆ ಬಿಟ್ಟೆ, ಇನ್ನೊಂದರಿಂದ ಗಾಳಿ ಹೊರಗೆ ಬಂತು. ಗಾಳಿ ನಿಂತು ರೆಸಿನ್ ಹನಿ ಕಂಡ ಕೂಡಲೇ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಹತ್ತು ಕಿಲೋ ಜೋಳದ ಚೀಲ ಇಟ್ಟೆ. ಇಟ್ಟಿಗೆ ಇಟ್ಟರೆ ಬೋರ್ಡಿನ ಬಾಗಿಗೆ ಕೂರುವುದಿಲ್ಲ, ಜೋಳ ಕೂರುತ್ತದೆ. ಮರುದಿನ ಬಡಿದರೆ ಟಕ್ ಅಂತ ಗಟ್ಟಿ ಸದ್ದು. ಬರಹ ಹಾಗೇ ಇದೆ.

ಫಿನ್ನಿನ ಬುಡದ ಬಿರುಕಿಗೆ ಗ್ಲಾಸ್ ನೂಲಿನ ಹುರಿಯನ್ನು ರೆಸಿನ್ನಿನಲ್ಲಿ ಅದ್ದಿ ಎರಡೂ ಪಕ್ಕ ಕೂರಿಸಿ, ಮೇಲೆ ಬಟ್ಟೆ ಎಳೆದೆ. ಕೊನೆಯ ಕೋಟಿಗೆ ವ್ಯಾಕ್ಸ್ ಬೆರೆಸಿದ ರೆಸಿನ್ ಬೇಕು, ಇಲ್ಲದಿದ್ದರೆ ಗಾಳಿ ತಾಗುವ ಮೈ ಅಂಟು ಅಂಟಾಗೇ ಉಳಿಯುತ್ತದೆ. ಪಾಲಿಶ್ ಪೇಪರು 120, 220, ಆಮೇಲೆ ನೀರು ಹಾಕಿ 400, 600. ಅಲ್ಲಿಗೇ ನಿಲ್ಲಿಸಿದೆ. ಕನ್ನಡಿ ಹೊಳಪು ಮೊದಲನೇ ಬೋರ್ಡಿಗೆ ಕೊಟ್ಟು ನೋಡಿಯಾಗಿತ್ತು.

ಕಳಿಸುವ ಮುಂಚೆ ಗುಜರಿ ಕಾಕಾನ ತಕ್ಕಡಿಗೆ ಇಟ್ಟಾಗ 6.4. ತೇಪೆ, ರೆಸಿನ್ ಸೇರಿ ಮುನ್ನೂರು ಗ್ರಾಮ್ ಏರಿತ್ತು. ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಗಿರಾಕಿಗೆ ಕೊಟ್ಟೆ, ಮಳೆಗಾಲ ಮುಗಿದ ಮೇಲೆ ನೀರಿಗೆ ಇಳಿಸಿ, ಎರಡು ತಿಂಗಳು ಆಡಿ, ಒರೆಸಿ, ತೂಗಿ ಹೇಳಿ ಅಂದೆ. ಡಿಸೆಂಬರಿನಲ್ಲಿ ಒಂದು ಫೋಟೋ ಬಂತು. ಮೀನಿನ ತಕ್ಕಡಿಯ ಮೇಲೆ ಅಡ್ಡ ಮಲಗಿಸಿದ ಹಳದಿ ಬೋರ್ಡು. ಮುಳ್ಳು 6.4ರ ಮೇಲೆ ನಿಂತಿತ್ತು.