ಕೋಣೆಗೆ ಕೊಡುವ ಕೈ ಮಾಸ್ತರ ಪಗಾರಕ್ಕೂ ಕೊಡಬೇಕಾದರೆ

ಕಲಬುರಗಿಯಲ್ಲಿ ಶಿಕ್ಷಣ ಸಂಸ್ಥೆಗೆ ಹಣ ಕೂಡಿಸಲು ಹೊರಟವರು ಮೊದಲು ಬಿಡಬೇಕಾದ ಶಬ್ದ ‘ಡೊನೇಷನ್’. ನಮ್ಮ ಕಡೆ ಅದಕ್ಕೆ ಒಂದೇ ಅರ್ಥ, ಸೀಟಿಗೆ ಕೊಡುವ ರೊಕ್ಕ. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿದ ಕರ್ನಾಟಕದ ಕಾಯ್ದೆ 1984ರದು. ನಾಲ್ಕು ದಶಕವಾದರೂ ಶಬ್ದಕ್ಕೆ ಅಂಟಿದ ಕಲೆ ಹೋಗಿಲ್ಲ. ನಾನು ಕಾಗದದಲ್ಲಿ ‘ದೇಣಿಗೆ’ ಎಂದು ಬರೆಯುತ್ತೇನೆ, ಮಾತಿನಲ್ಲಿ ‘ಪಟ್ಟಿ’ ಎನ್ನುತ್ತೇನೆ. ಶಬ್ದದ ಜೊತೆ ವ್ಯವಹಾರವೂ ಬೇರೆಯಾಗಬೇಕು. ಏಪ್ರಿಲ್‌ನಿಂದ ಜುಲೈವರೆಗೆ, ಆ ವರ್ಷ ಮಗುವನ್ನು ಸೇರಿಸುತ್ತಿರುವ ಯಾವ ಪಾಲಕರಿಂದಲೂ ಒಂದು ರೂಪಾಯಿ ದೇಣಿಗೆ ಪಡೆಯುವುದಿಲ್ಲ. ತಾವಾಗಿ ಕೊಡುತ್ತೇನೆಂದವರಿಗೂ ‘ದೀಪಾವಳಿ ಆದಮ್ಯಾಲ ಬರ್ರಿ’ ಎನ್ನುವುದೇ ಉತ್ತರ. ರಸೀದಿ ಪುಸ್ತಕವೂ ಬ್ಯಾಂಕ್ ಖಾತೆಯೂ ಫೀಸಿನವುಗಳಿಂದ ಬೇರೆ ಇರುತ್ತವೆ. ಪ್ರವೇಶದ ವಾರದ ತಾರೀಖಿರುವ ಒಂದೇ ಒಂದು ದೇಣಿಗೆ ರಸೀದಿ ಸಿಕ್ಕರೂ, ಅದು ಸ್ವಂತ ಇಚ್ಛೆಯಿಂದ ಬಂದದ್ದು ಎಂದು ಇಲಾಖೆಗಳನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಇಲ್ಲಿ ಜನ ಕೊಡುವುದಿಲ್ಲ ಎನ್ನುವವರು ಇಲ್ಲಿನ ಜಾತ್ರೆ ನೋಡಿರಲಿಕ್ಕಿಲ್ಲ. ಶರಣಬಸವೇಶ್ವರರ ದಾಸೋಹ, ಬೀದರಿನ ನಾನಕ್ ಝೀರಾದ ಲಂಗರ್, ಊರೂರಿನ ಮಠಗಳ ಅನ್ನಸಂತರ್ಪಣೆ, ಎಲ್ಲವೂ ಕೊಟ್ಟವರ ಕೈಯಿಂದಲೇ ನಡೆದಿವೆ. ಶಾಲೆಗೂ ಕೊಡುತ್ತಾರೆ: ಕೋಣೆಗೆ, ಬೋರ್‌ವೆಲ್ಲಿಗೆ, ಹೆಬ್ಬಾಗಿಲ ಕಮಾನಿಗೆ. ಕಲ್ಲಿನ ಮೇಲೆ ಹೆಸರು ಕೂಡುತ್ತದಲ್ಲ! ಮಾಸ್ತರ ಪಗಾರ ಎಂದ ಕೂಡಲೇ ಮಾತು ಬೇರೆ ಕಡೆ ತಿರುಗುತ್ತದೆ. ಆದರೆ ಕೋಣೆ ಸಾಲದೆ ಮುಚ್ಚಿದ ಶಾಲೆಗಳಿಗಿಂತ, ಪಗಾರ ನಿಂತು ಗಣಿತ, ವಿಜ್ಞಾನದ ಮಾಸ್ತರರು ಹೊರಟುಹೋಗಿ ಸೊರಗಿದ ಶಾಲೆಗಳೇ ಜಾಸ್ತಿ. ಸಂಪನ್ಮೂಲ ಕೂಡಿಸುವವನ ಕೆಲಸದಲ್ಲಿ ಮುಕ್ಕಾಲು ಪಾಲು ಈ ಗಂಟು ಬಿಡಿಸುವುದೇ.

ಮೊದಲು ಲೆಕ್ಕ. 120 ಮಕ್ಕಳ ಒಂದು ಸಂಜೆ ಪಾಠದ ಕೇಂದ್ರ ಎಂದುಕೊಳ್ಳಿ. ನಾಲ್ವರು ಶಿಕ್ಷಕರು, ತಿಂಗಳಿಗೆ 18,000 ರೂಪಾಯಿ: ವರ್ಷಕ್ಕೆ 8,64,000. ಸಂಸ್ಥೆಯಲ್ಲಿ ಒಟ್ಟು 20 ಅಥವಾ ಹೆಚ್ಚು ಮಂದಿ ನೌಕರರಿದ್ದರೆ ಪಿಎಫ್ ಕಾಯ್ದೆ ಅನ್ವಯಿಸುತ್ತದೆ. ಪಿಎಫ್ ಲೆಕ್ಕದ ಪಗಾರವನ್ನು 15,000ದ ಮಿತಿಗೆ ಇಟ್ಟು, ಅದರ ಮೇಲೆ ಮಾಲೀಕರ ಪಾಲು, ಆಡಳಿತ ಶುಲ್ಕ ಎಲ್ಲ ಸೇರಿ ಸುಮಾರು 13% ಹಿಡಿದರೆ ನಾಲ್ವರಿಗೆ 93,600. ಪುಸ್ತಕ, ಪರೀಕ್ಷೆ, ಕರೆಂಟು, ಲೆಕ್ಕಪರಿಶೋಧನೆ ಇತ್ಯಾದಿ 2,42,400. ಒಟ್ಟು 12 ಲಕ್ಷ, ಅಂದರೆ ಒಂದು ಮಗುವಿಗೆ ವರ್ಷಕ್ಕೆ 10,000. ದಾನಿಯ ಮುಂದೆ ಇಡುವುದು ಈ 10,000ದ ಸಂಖ್ಯೆಯನ್ನು. ಅದರ ಬೆನ್ನ ಪುಟದಲ್ಲಿ ಪಗಾರದ ಸಾಲು ಬಿಚ್ಚಿ ತೋರಿಸಿರುತ್ತೇನೆ. ಮುಚ್ಚಿಟ್ಟರೆ ಮುಂದಿನ ವರ್ಷ ಲೆಕ್ಕ ಕೇಳಿದಾಗ ಮುಖ ತೋರಿಸಲಾಗುವುದಿಲ್ಲ. ಲೆಕ್ಕಪರಿಶೋಧನೆಯ ಖರ್ಚು ಬಿಟ್ಟು ‘ನಿಮ್ಮ ರೊಕ್ಕ ಪೂರ್ತಿ ಮಕ್ಕಳಿಗೇ’ ಎಂದು ಬರೆಯುವ ಚಾಳಿ ಬಹಳ ಕಡೆ ಇದೆ. ಆ ಖರ್ಚನ್ನು ಕೊನೆಗೆ ಮಾಸ್ತರ ಪಗಾರದಿಂದಲೇ ಕತ್ತರಿಸಬೇಕಾಗುತ್ತದೆ.

ಹೆಸರು ಬೇಕು ಎನ್ನುವವರಿಗೆ ಹೆಸರು ಕೊಡುವುದರಲ್ಲಿ ತಪ್ಪೇನಿಲ್ಲ. ವಿಶ್ವವಿದ್ಯಾಲಯಗಳಲ್ಲಿ ದತ್ತಿ ಉಪನ್ಯಾಸ, ದತ್ತಿ ಪದಕ ಎಲ್ಲರಿಗೂ ಗೊತ್ತು. ಅದೇ ದಾರಿಯಲ್ಲಿ ‘ತಾಯಿಯ ಸ್ಮರಣಾರ್ಥ ಗಣಿತ ಶಿಕ್ಷಕ ಹುದ್ದೆ’ ಎಂದು ಇಡಬಹುದು. ಶಾಶ್ವತ ದತ್ತಿಯ ಲೆಕ್ಕ ಮಾತ್ರ ನೆಟ್ಟಗಿರಬೇಕು. ಪಿಎಫ್ ಸೇರಿ ಒಬ್ಬ ಶಿಕ್ಷಕರಿಗೆ ವರ್ಷಕ್ಕೆ ಸುಮಾರು 2.4 ಲಕ್ಷ. ಬಡ್ಡಿ 7% ಬಂದರೂ ಪೂರ್ತಿ ಖರ್ಚು ಮಾಡಬಾರದು, 2% ಅಸಲಿಗೆ ಕೂಡಿಸಬೇಕು. ಉಳಿದ 5%ರಲ್ಲಿ 2.4 ಲಕ್ಷ ಬರಲು ಅಸಲು 48 ಲಕ್ಷ ಬೇಕು. ಈ 2% ಬಿಡದೆ ಪೂರ್ತಿ ಬಡ್ಡಿ ತಿಂದ ಹಳೆಯ ದತ್ತಿಗಳಲ್ಲಿ ಇವತ್ತು ಚಿನ್ನದ ಪದಕದ ಹೆಸರಲ್ಲಿ ಚಿನ್ನದ ನೀರು ಕೊಟ್ಟ ಬಿಲ್ಲೆ ಕೊಡುವ ಗತಿ ಬಂದಿದೆ. ಇಲ್ಲಿ ಇನ್ನೊಂದು ಕಟ್ಟು ಇದೆ. ತೆರಿಗೆ ವಿನಾಯಿತಿ ಬೇಕಾದ ಟ್ರಸ್ಟು ವರ್ಷದ ಆದಾಯದ 85% ಉದ್ದೇಶಕ್ಕೆ ಬಳಸಬೇಕು, ಹಾಗಾಗಿ ಉಳಿಸಿದ ಬಡ್ಡಿ ಒಟ್ಟು ಆದಾಯದ ಆ 15%ರ ಒಳಗೇ ಬರಬೇಕು. 48 ಲಕ್ಷ ಒಬ್ಬರಿಂದ ಬರುವುದು ಅಪರೂಪ. ನಾನು ಹೆಚ್ಚು ಕೇಳುವುದು ಮೂರು ವರ್ಷದ ಹುದ್ದೆಗೆ, 7.2 ಲಕ್ಷ, ವರ್ಷಕ್ಕೊಂದು ಕಂತು.

ದತ್ತಿ ಹಣ ಬಂದಾಗ ‘ಇದು ಮೂಲನಿಧಿಗೆ’ ಎಂದು ದಾನಿ ಸ್ವತಃ ಬರೆದ ಪತ್ರ ಕಡತದಲ್ಲಿರಬೇಕು. ಇಲ್ಲದಿದ್ದರೆ ಅದು ಆ ವರ್ಷದ ಸಾದಾ ಆದಾಯವಾಗಿ 85%ರ ಲೆಕ್ಕಕ್ಕೆ ಸಿಕ್ಕಿಬೀಳುತ್ತದೆ. ಠೇವಣಿ ಬ್ಯಾಂಕಿನಲ್ಲೇ ಇರಲಿ. ಟ್ರಸ್ಟಿಗಳಲ್ಲಿ ಒಬ್ಬರಾದರೂ ಯಾವುದಾದರೂ ಪತ್ತಿನ ಸೌಹಾರ್ದದ (ಸಾಲ ಕೊಡುವ ಸಹಕಾರಿ ಸಂಘದ) ನಿರ್ದೇಶಕರಾಗಿರುವುದು ನಮ್ಮ ಕಡೆ ಮಾಮೂಲು. ‘ನಮ್ಮಲ್ಲಿಡ್ರಿ, ಎರಡು ಪರ್ಸೆಂಟ್ ಜಾಸ್ತಿ ಕೊಡ್ತೀವಿ’ ಎನ್ನುತ್ತಾರೆ. ತೆರಿಗೆ ಕಾಯ್ದೆ ಒಪ್ಪುವ ಹೂಡಿಕೆಗಳ ಪಟ್ಟಿಯಲ್ಲಿ ಬ್ಯಾಂಕಲ್ಲದ ಸೌಹಾರ್ದವನ್ನು ಕೂಡಿಸುವುದು ತಕರಾರಿನ ದಾರಿ. ಬ್ಯಾಂಕ್ ಠೇವಣಿಗಿರುವ 5 ಲಕ್ಷದ ವಿಮೆಯೂ ಅದಕ್ಕಿಲ್ಲ. ಈ ಒಂದು ವಿಷಯದಲ್ಲಿ ಮುಲಾಜು ನೋಡಬೇಡಿ.

12 ಲಕ್ಷವನ್ನು ‘1,200 ಜನ ತಲಾ ಸಾವಿರ’ ಎಂದು ಭಾಗಿಸುವುದು ಹೊಸಬರು ಮಾಡುವ ತಪ್ಪು. 1,200 ಜನರನ್ನು ಕಾಣುವ ಕಾಲು ಯಾರಿಗಿದೆ? ನನ್ನ ಮೆಟ್ಟಿಲು ಹೀಗೆ: 2 ಲಕ್ಷದ್ದು ಒಂದು, 1 ಲಕ್ಷದವು 2, 50,000ದವು 4, 25,000ದವು 8, 10,000ದವು 20, ಕೊನೆಗೆ 2,000ದವು ನೂರು. ಒಂದೊಂದು ಮೆಟ್ಟಿಲಿನಲ್ಲೂ 2 ಲಕ್ಷ. ಮೇಲಿನ ಐದು ಮೆಟ್ಟಿಲುಗಳ 35 ದೇಣಿಗೆಗೆ ಮೂರು ಪಟ್ಟು, ಅಂದರೆ 105 ಹೆಸರು ಕೈಯಲ್ಲಿರಬೇಕು. ಅಷ್ಟಿಲ್ಲದಿದ್ದರೆ ಆ ವರ್ಷದ ಗುರಿಯನ್ನೇ ಇಳಿಸುವುದು ಲೇಸು. ಹೆಸರು ಹುಡುಕಲು ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರ್ ತೆಗೆದುಕೊಂಡು ನಿವೃತ್ತ ಮಾಸ್ತರರ ಹತ್ತಿರ ಕೂತರೆ ಸಾಕು, ಯಾರು ಎಲ್ಲಿದ್ದಾರೆ ಎಂದು ಬಾಯಲ್ಲೇ ಹೇಳುತ್ತಾರೆ. ಇಲ್ಲಿ 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜು, 1963ರಿಂದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಇವೆ. ಹಳ್ಳಿ ಸಾಲಿಯಿಂದ ಅಲ್ಲಿಗೆ ಹೋಗಿ ಪುಣೆ, ಹೈದರಾಬಾದ್, ಬೆಂಗಳೂರು ಸೇರಿದವರು ಪ್ರತಿ ರಿಜಿಸ್ಟರಿನಲ್ಲೂ ಸಿಗುತ್ತಾರೆ.

ಕೇಳುವ ಹಂಗಾಮನ್ನು ತೊಗರಿ ನಿರ್ಧರಿಸುತ್ತದೆ. ಡಿಸೆಂಬರ್, ಜನವರಿಯಲ್ಲಿ ರಾಶಿಯಾಗಿ ಮಾಲು ಊರಿನ ಧಾನ್ಯ ಮಾರುಕಟ್ಟೆಯಾದ ನೆಹರು ಗಂಜಿಗೆ ಬರುತ್ತದೆ. ರೈತನ ಕೈಯಲ್ಲಿ, ಅಡತಿ ಅಂಗಡಿಯಲ್ಲಿ, ದಾಲ್ ಮಿಲ್ಲಿನಲ್ಲಿ ರೊಕ್ಕ ಓಡಾಡುವುದು ಅಲ್ಲಿಂದ ಮಾರ್ಚ್‌ವರೆಗೆ. ಜೂನ್‌ನಲ್ಲಿ ಬಿತ್ತನೆಯ ಹೊತ್ತಿಗೆ ಹೋಗಿ ಕೇಳಿದರೆ ಅವರಿಗೂ ಸಂಕೋಚ, ನಮಗೂ ಸಂಕೋಚ. ಹೋಳಿಯ ನಂತರ ಶರಣಬಸವೇಶ್ವರ ಜಾತ್ರೆಯ ಆಚೀಚಿನ ದಿನಗಳಲ್ಲೂ ನಾನು ಯಾರ ಬಾಗಿಲಿಗೂ ಹೋಗುವುದಿಲ್ಲ.

ಭೇಟಿಗೆ ಇಬ್ಬರು ಹೋಗಬೇಕು: ದಾನಿಯ ಪರಿಚಯದ ಟ್ರಸ್ಟಿ ಒಬ್ಬರು, ಲೆಕ್ಕ ಬಲ್ಲ ಸಿಬ್ಬಂದಿ ಒಬ್ಬರು. ಗಂಜಿನಲ್ಲಿ ಮಧ್ಯಾಹ್ನ 3ರ ಮೇಲೆ. ಬೆಳಿಗ್ಗೆ ಸವಾಲಿನ (ಹರಾಜಿನ) ಗದ್ದಲದಲ್ಲಿ ಚಾ ಸಿಗುತ್ತದೆ, ಮಾತು ಸಿಗುವುದಿಲ್ಲ. ಕನ್ನಡದ ಜೊತೆ ನಾಲ್ಕು ಮಾತು ದಖನಿ ಉರ್ದು ಬಂದರೆ ಇಂಗ್ಲಿಷಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಒಂದೇ ಹಾಳೆ ಒಯ್ಯಿರಿ. ಮೊತ್ತವನ್ನು ಟ್ರಸ್ಟಿಯೇ ಹೇಳಬೇಕು, ತಾನು ಎಷ್ಟು ಕೊಟ್ಟಿದ್ದೇನೆ ಎಂಬುದನ್ನೂ ಹೇಳಬೇಕು: ‘ಅಣ್ಣಾರ, ನಾ ಐವತ್ತು ಸಾವಿರ ಕೊಟ್ಟೀನಿ. ನಿಮ್ಮಿಂದ ಒಂದು ಲಕ್ಷ ಕೇಳ್ಬೇಕಂತ ಬಂದೀವಿ.’ ಆಮೇಲೆ ಇಬ್ಬರೂ ಬಾಯಿ ಮುಚ್ಚಿಕೊಂಡು ಕೂರಬೇಕು. ಆ ಅರ್ಧ ನಿಮಿಷದ ಮೌನ ತಡೆಯಲಾರದೆ ‘ಎಷ್ಟಾದರೂ ನಡೀತದ್ರಿ’ ಎಂದುಬಿಟ್ಟರೆ ಲಕ್ಷ ಹೋಗಿ ಐದು ಸಾವಿರ ಉಳಿಯುತ್ತದೆ. ‘ನೋಡೋಣ್ರಿ’ ಎಂಬುದು ತಾರೀಖು ಗೊತ್ತಾಗದಿದ್ದರೆ ಇಲ್ಲವೆಂದೇ ಅರ್ಥ. ‘ಮನ್ಯಾಗ ಕೇಳಿ ಹೇಳ್ತೀನಿ’ ಎಂಬುದು ಬಹಳ ಸಲ ನಿಜವೇ ಇರುತ್ತದೆ, ವಾರ ಬಿಟ್ಟು ಫೋನ್ ಮಾಡಿ.

ನಗದು ಕೊಡುವವರ ಜೊತೆ ಮಾತು ಮೊದಲೇ ಸ್ಪಷ್ಟ ಇರಲಿ. 2,000ಕ್ಕಿಂತ ಹೆಚ್ಚಿನ ನಗದಿಗೆ 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ಕಡಿತ ಕೊಡುವ ಕಲಮು) ಲಾಭವಿಲ್ಲ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಪಡೆದಷ್ಟೇ ದಂಡ ಸಂಸ್ಥೆಗೆ. ರಸೀದಿ ಬೇಡ ಎನ್ನುವ ರೊಕ್ಕ ಎಷ್ಟೇ ದೊಡ್ಡದಿರಲಿ, ವಾಪಸ್. ರಸೀದಿಯಲ್ಲಿ ಅತಿ ಹೆಚ್ಚು ಆಗುವ ತಪ್ಪು ಹೆಸರಿನದು. ಹಣ ಮಿಲ್ಲಿನ ಖಾತೆಯಿಂದ ಬಂದಿರುತ್ತದೆ, ರಸೀದಿ ಮಾಲೀಕರ ಹೆಸರಲ್ಲಿ ಬರೆದಿರುತ್ತದೆ, ಪ್ಯಾನ್ ಮಗನದು ಕೊಟ್ಟಿರುತ್ತಾರೆ. ಯಾರ ಖಾತೆಯಿಂದ ಬಂತೋ ಅವರದೇ ಹೆಸರು, ಅವರದೇ ಪ್ಯಾನ್. ವರ್ಷದ ದೇಣಿಗೆಗಳ ವಿವರವನ್ನು 10ಬಿಡಿ ಫಾರ್ಮಿನಲ್ಲಿ ಮೇ 31ರೊಳಗೆ ಸಲ್ಲಿಸಿ, ದಾನಿಗೆ 10ಬಿಇ ಪ್ರಮಾಣಪತ್ರ ತೆಗೆದುಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ. ಬರೀ ರಸೀದಿ ಕೊಟ್ಟು ಸುಮ್ಮನಾದರೆ ದಾನಿಯ ರಿಟರ್ನಿನಲ್ಲಿ ವಿನಾಯಿತಿ ನಿಲ್ಲುವುದಿಲ್ಲ, ಅವರು ಎರಡನೇ ವರ್ಷ ಕೊಡುವುದಿಲ್ಲ. 2026ರ ಏಪ್ರಿಲ್ 1ರಿಂದಿನ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ (ಇಲ್ಲಿ ಕೊಟ್ಟವು ಹಳೆಯ ಕಾಯ್ದೆಯವು), ಆಯಾ ವರ್ಷದ ಫಾರ್ಮನ್ನು ಸಿಎ ಹತ್ತಿರ ಖಾತ್ರಿ ಮಾಡಿಕೊಳ್ಳಿ. ಹೊಸ ತೆರಿಗೆ ಪದ್ಧತಿಯಲ್ಲಿರುವ ಪಗಾರದಾರರಿಗೆ 80ಜಿ ಕಡಿತವೇ ಸಿಗುವುದಿಲ್ಲ. ಅವರ ಮುಂದೆ ತೆರಿಗೆ ಲಾಭದ ಮಾತೆತ್ತಿ ಸುಳ್ಳುಗಾರ ಎನಿಸಿಕೊಳ್ಳಬೇಡಿ.

ರಮ್ಜಾನ್‌ನಲ್ಲಿ ಬರುವ ಝಕಾತ್‌ಗೆ (ಮುಸ್ಲಿಮರ ಕಡ್ಡಾಯ ದಾನ) ಬೇರೆ ಲೆಡ್ಜರ್ ಇಡುತ್ತೇನೆ. ಅದು ಅರ್ಹ ಬಡ ಮಗುವಿಗೇ ತಲುಪಬೇಕಾದ ಹಣ, ಕಟ್ಟಡಕ್ಕೆ ಹಾಕಿದರೆ ಕೊಟ್ಟವರ ನಂಬಿಕೆಗೇ ದ್ರೋಹ. ಸ್ವಇಚ್ಛೆಯ ದಾನವಾದ ಸದಕಾಗೆ ಆ ಕಟ್ಟು ಇಲ್ಲ. ಕೊಡುವಾಗಲೇ ಯಾವುದು ಎಂದು ಕೇಳಿ ರಸೀದಿಯಲ್ಲಿ ಬರೆದುಬಿಡುವುದು ಒಳ್ಳೆಯದು.

ವಾಡಿ, ಮಳಖೇಡ, ಸೇಡಂ, ಚಿತ್ತಾಪುರದ ಸಿಮೆಂಟ್ ಪಟ್ಟಿಯಲ್ಲಿ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಇದೆ. ಕಾನೂನಿನ ವ್ಯಾಪ್ತಿಗೆ ಬರುವ ಕಂಪನಿ ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ 2% ಖರ್ಚು ಮಾಡಬೇಕು, ಕಾರ್ಖಾನೆಯ ಸುತ್ತಲಿನ ಊರಿಗೆ ಆದ್ಯತೆ ಕೊಡಬೇಕು. ಸಿಎಸ್‌ಆರ್-1 ನೋಂದಣಿ, ಟ್ರಸ್ಟಿನ ತೆರಿಗೆ ವಿನಾಯಿತಿಯ 12ಎಬಿ ನೋಂದಣಿ, 80ಜಿ, ಮೂರು ವರ್ಷದ ಆಡಿಟ್ ವರದಿ ಇಲ್ಲದೆ ಕದ ತಟ್ಟಬೇಡಿ. ಪ್ರಸ್ತಾವ ಜನವರಿಯಲ್ಲೇ ಕೊಟ್ಟರೆ ಮುಂದಿನ ವರ್ಷದ ಬಜೆಟ್ಟಿಗೆ ಸೇರುವ ಅವಕಾಶ ಉಂಟು. ಶಿಕ್ಷಕರ ಪಗಾರವನ್ನು ಯೋಜನೆಯ ಖರ್ಚೆಂದೇ ತೋರಿಸಿ, ಆಡಳಿತ ವೆಚ್ಚದೊಳಗೆ ತುರುಕಬೇಡಿ. ಮಾರ್ಚ್ ಕೊನೆಗೆ ಬಂದ ದೊಡ್ಡ ಚೆಕ್ಕು ಸುಖಕ್ಕಿಂತ ಸಂಕಟ ಹೆಚ್ಚು: ಕೊಟ್ಟ ಹಣ ಬಳಕೆಯಾಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು ದೃಢೀಕರಿಸಬೇಕು, ಆದ್ದರಿಂದ ಏಪ್ರಿಲ್‌ನಲ್ಲೇ ಬಳಕೆ ಪ್ರಮಾಣಪತ್ರಕ್ಕೆ ಫೋನ್ ಶುರು. ಬಹುವರ್ಷದ ಯೋಜನೆ ಎಂದು ಒಪ್ಪಂದದಲ್ಲಿ ಮೊದಲೇ ಬರೆಸಿಕೊಳ್ಳಿ.

ಅಮೆರಿಕದ ಹಳೆಯ ವಿದ್ಯಾರ್ಥಿ ಯುಪಿಐ ಸ್ಕ್ಯಾನ್ ಮಾಡಿ ಕಳಿಸಿದರೆ ಖುಷಿಪಡುವ ಮೊದಲು ಒಂದು ಪ್ರಶ್ನೆ ಕೇಳಿ: ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ ಪಾಸ್‌ಪೋರ್ಟ್ ಇದ್ದು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಪೌರತ್ವ ಬದಲಾಗಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಮುಟ್ಟುವಂತಿಲ್ಲ. ನೋಂದಣಿಗೆ ಸಂಸ್ಥೆ 3 ವರ್ಷ ಹಳೆಯದಾಗಿರಬೇಕು, ಆ ಅವಧಿಯಲ್ಲಿ ಉದ್ದೇಶಕ್ಕಾಗಿ 15 ಲಕ್ಷ ಖರ್ಚು ಮಾಡಿರಬೇಕು. ಹಣ ಬರುವುದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ ಮಾತ್ರ.

ಈ ಕೆಲಸವನ್ನು ವೃತ್ತಿಯಾಗಿ ಹಿಡಿಯುವವರಿಗೆ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ) ಪದವಿ ಇದ್ದರೆ ಬಾಗಿಲು ತೆರೆಯುತ್ತದೆ, ಬ್ಯಾಲೆನ್ಸ್ ಶೀಟ್ ಓದಲು ಬಂದರೆ ಒಳಗೆ ಉಳಿಯಬಹುದು. ತಂದದ್ದರಲ್ಲಿ ಶೇಕಡಾ ಇಷ್ಟು ಎಂಬ ಪಗಾರಕ್ಕೆ ಒಪ್ಪಬೇಡಿ. ನಿಮ್ಮ ಪಾಲಿದೆ ಎಂದು ಗಂಜಿನಲ್ಲಿ ಒಬ್ಬರಿಗೆ ಗೊತ್ತಾದರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಸೇರುವ ಮೊದಲು ಆಡಳಿತ ಮಂಡಳಿಯಿಂದ ಮೂರು ಮಾತು ಬರೆಸಿಕೊಳ್ಳಿ: ಪ್ರತಿ ಸದಸ್ಯರೂ ತಮ್ಮ ಶಕ್ತಿಯಷ್ಟು ಮೊದಲು ಕೊಡುತ್ತಾರೆ, ತಿಂಗಳಿಗೆ ಎರಡು ಭೇಟಿಗೆ ಜೊತೆ ಬರುತ್ತಾರೆ, ಗುರಿ ಮುಟ್ಟಲು ಕನಿಷ್ಠ 18 ತಿಂಗಳು ಕೊಡುತ್ತಾರೆ. ಮೂರನೆಯದಕ್ಕೆ ಎಲ್ಲರೂ ಒಪ್ಪುತ್ತಾರೆ. ಮೊದಲನೆಯದಕ್ಕೆ ಒಪ್ಪದ ಮಂಡಳಿಗೆ ನಾನಂತೂ ಸೇರುವುದಿಲ್ಲ. ಮುಂದೆ ಕಾರ್ಯದರ್ಶಿಯೋ ಆಡಳಿತಾಧಿಕಾರಿಯೋ ಆಗಬೇಕೆಂದಿದ್ದರೆ ಮೊದಲ ವರ್ಷದಿಂದಲೇ ಬಜೆಟ್ ಸಭೆಯಲ್ಲಿ ಕೂರಲು ಕೇಳಿ. ಖರ್ಚಿನ ಮೇಲೆ ಮಾತಿಲ್ಲದೆ ಜಮೆ ಮಾತ್ರ ನೋಡಿದವರನ್ನು ಮಂಡಳಿ ‘ಪಟ್ಟಿ ಎತ್ತುವವರು’ ಎಂದೇ ಕಡೆಯವರೆಗೂ ಕಾಣುತ್ತದೆ.

ಬಿಟ್ಟು ಹೋಗುವಾಗ ದಾನಿಗಳ ರಿಜಿಸ್ಟರ್ ಸಂಸ್ಥೆಯದು, ನಿಮ್ಮ ಫೋನಿನದಲ್ಲ. ಪ್ರತಿ ಭೇಟಿಯ ತಾರೀಖು, ಆಡಿದ ಮಾತು, ಕೊಟ್ಟ ವಚನ ಬರೆದಿರಬೇಕು. ಆದಾಯ ತೆರಿಗೆ, ಸಿಎಸ್‌ಆರ್, ಎಫ್‌ಸಿಆರ್‌ಎ ಮೂರೂ ಪೋರ್ಟಲ್‌ಗಳಲ್ಲಿ ಒಟಿಪಿ ಹೋಗುವ ಮೊಬೈಲ್ ನಂಬರನ್ನು ಹೊಸಬರದಕ್ಕೆ ಬದಲಿಸಿ, ಅವರ ಎದುರಿಗೇ ಒಮ್ಮೆ ಲಾಗಿನ್ ಮಾಡಿಸಿ. ಮೇ 30ರ ರಾತ್ರಿ ಹಳೆಯ ಕಾರ್ಯದರ್ಶಿಯ ಬಂದ್ ಆದ ಸಿಮ್ಮಿಗೆ ಒಟಿಪಿ ಹೋಗುತ್ತಿದೆ ಎಂದು ಗೊತ್ತಾದರೆ 10ಬಿಡಿ ಆ ವರ್ಷ ಹೊತ್ತಿಗೆ ಸರಿಯಾಗಿ ಹೋಗುವುದಿಲ್ಲ.