ಗೇನ್ ಇಳಿಸಿ, ಎರಡು ಸಲ ನುಡಿಸಿ: ಮನೆಯಲ್ಲೇ ರಾಕ್ ಗಿಟಾರ್ ಕವರ್

ಹಳೆಯ ರಾಕ್ ಹಾಡೊಂದರ ಗಿಟಾರ್ ಭಾಗವನ್ನು ಮನೆಯಲ್ಲಿ ರೆಕಾರ್ಡ್ ಮಾಡಿದವರಿಗೆ ಸಾಮಾನ್ಯವಾಗಿ ಆಗುವ ನಿರಾಸೆ ಇದು: ನುಡಿಸುವಾಗ ಕೋಣೆ ತುಂಬಿದ್ದ ಸದ್ದು, ಆಮೇಲೆ ಕೇಳಿದರೆ ಡಬ್ಬದೊಳಗೆ ಸಿಕ್ಕ ಜೇನ್ನೊಣದಂತೆ ಗುಂಯ್‌ಗುಡುತ್ತದೆ. ತಪ್ಪು ಗಿಟಾರಿನದೆಂದುಕೊಂಡು ಹೊಸ ಪೆಡಲ್ ತರುತ್ತಾರೆ, ಸದ್ದು ಸುಧಾರಿಸುವುದಿಲ್ಲ. ಹೆಚ್ಚಾಗಿ ಕಾರಣ ಇರುವುದು ಬೇರೆ ಕಡೆ: ಗೇನ್ (ಸಿಗ್ನಲ್ಲನ್ನು ಹಿಗ್ಗಿಸಿ ಸದ್ದನ್ನು ಒರಟಾಗಿಸುವ ಮಟ್ಟ) ಅತಿಯಾಗಿರುತ್ತದೆ, ಸ್ಪೀಕರಿನ ಪಾಲು ಬಿಟ್ಟುಹೋಗಿರುತ್ತದೆ, ಬೇಡದ ತಂತಿಗಳನ್ನು ಯಾರೂ ಸುಮ್ಮನಾಗಿಸಿರುವುದಿಲ್ಲ.

ಅಭ್ಯಾಸಕ್ಕೆ ಎಸಿ/ಡಿಸಿ ತಂಡದ 1980ರ ‘ಬ್ಯಾಕ್ ಇನ್ ಬ್ಲ್ಯಾಕ್’ ಹಾಡನ್ನು ಆರಿಸಿಕೊಳ್ಳಿ. ಮುಖ್ಯ ರಿಫ್‌ನಲ್ಲಿ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿನಲ್ಲಿ) ಇ, ಡಿ, ಎ ಎಂಬ ಮೂರೇ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳು), ಕೊನೆಯಲ್ಲಿ ಒಂದು ಪುಟ್ಟ ಸ್ವರಗುಚ್ಛ. ವೇಗ ನಿಮಿಷಕ್ಕೆ ಸುಮಾರು 94 ಬೀಟ್. ಕಲಿಯಲು ಒಂದು ಸಂಜೆ ಸಾಕು, ಚೆನ್ನಾಗಿ ರೆಕಾರ್ಡ್ ಮಾಡಲು ಮಾತ್ರ ಸಾಲದು. ಕಾರ್ಡ್‌ಗಳ ನಡುವೆ ದೊಡ್ಡ ದೊಡ್ಡ ಬಿಡುವುಗಳಿವೆ. ನಿಮ್ಮ ಗಿಟಾರಿನ ಗುಂಯ್, ಬೆರಳಿನ ಕಿರ್, ತಾಳದ ತಡವರಿಕೆ ಎಲ್ಲವೂ ಆ ಬಿಡುವಿನಲ್ಲೇ ಸಿಕ್ಕಿಬೀಳುತ್ತವೆ.

ಬೇಕಾದದ್ದು

ಕಂಪ್ಯೂಟರ್, ಎರಡು ಇನ್‌ಪುಟ್‌ನ ಸಾಧಾರಣ ಆಡಿಯೊ ಇಂಟರ್‌ಫೇಸ್ (ಗಿಟಾರನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ), ತಂತಿಯಿರುವ ಹೆಡ್‌ಫೋನ್. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ; ಮೀಟಿದ ಮೇಲೆ ಸದ್ದು ಕಿವಿಗೆ ಬರುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತದೆ. ರೆಕಾರ್ಡಿಂಗ್ ತಂತ್ರಾಂಶಕ್ಕೆ ಮ್ಯಾಕ್‌ನಲ್ಲಿ ಉಚಿತವಾದ ಗ್ಯಾರೇಜ್‌ಬ್ಯಾಂಡ್ ಇದೆ, ವಿಂಡೋಸ್‌ನಲ್ಲಿ 60 ದಿನ ಪರೀಕ್ಷಿಸಿ ನೋಡಬಹುದಾದ ರೀಪರ್ ಇದೆ. ಆಂಪ್ (ಗಿಟಾರಿನ ಆಂಪ್ಲಿಫೈಯರ್) ಇಲ್ಲದವರಿಗೆ ನ್ಯೂರಲ್ ಆಂಪ್ ಮಾಡೆಲರ್ ಎಂಬ ಉಚಿತ ಪ್ಲಗಿನ್ (ರೆಕಾರ್ಡಿಂಗ್ ತಂತ್ರಾಂಶದೊಳಗೆ ಓಡುವ ಪುಟ್ಟ ತಂತ್ರಾಂಶ) ಸಾಕಷ್ಟು ಚೆನ್ನಾಗಿದೆ.

ಶ್ರುತಿ

ತಂತಿಗಳು ತಿಂಗಳುಗಟ್ಟಲೆ ಹಳೆಯವಾಗಿದ್ದರೆ ಹಿಂದಿನ ದಿನವೇ ಬದಲಿಸಿ. ಅದೇ ದಿನ ಹಾಕಿದ ತಂತಿ ಹಿಗ್ಗುತ್ತಾ ಶ್ರುತಿ ಇಳಿಯುತ್ತಲೇ ಇರುತ್ತದೆ. ಆಮೇಲೆ 12ನೇ ಫ್ರೆಟ್ ಪರೀಕ್ಷೆ: ಅಲ್ಲಿ ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿ ಹಾರ್ಮೋನಿಕ್ ನುಡಿಸಿ, ನಂತರ ಅಲ್ಲೇ ಒತ್ತಿ ಮೀಟಿ, ಎರಡನ್ನೂ ಟ್ಯೂನರಿನಲ್ಲಿ ನೋಡಿ. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್‌ನಲ್ಲಿ ಆ ತಂತಿ ಕೂರುವ ಸ್ಯಾಡಲ್ಲನ್ನು ಸ್ಕ್ರೂ ತಿರುಗಿಸಿ ಹಿಂದಕ್ಕೆ ಸರಿಸಬೇಕು, ಇಳಿದಿದ್ದರೆ ಮುಂದಕ್ಕೆ. ಇದು ಸರಿಯಿಲ್ಲದ ಗಿಟಾರಿನಲ್ಲಿ ಬಿಡಿ ತಂತಿ ಸರಿಯಾಗಿದ್ದರೂ ಕುತ್ತಿಗೆಯ ಮೇಲ್ಭಾಗದ ಸ್ವರಗಳು ಅಪಸ್ವರವಾಗುತ್ತವೆ.

ಮೂಲ ಹಾಡಿನ ಶ್ರುತಿ ಯಾವುದೆಂದು ಮೊದಲೇ ತಿಳಿದುಕೊಳ್ಳಿ. ಗನ್ಸ್ ಎನ್ ರೋಸಸ್‌ನ 1987ರ ‘ಸ್ವೀಟ್ ಚೈಲ್ಡ್ ಓ ಮೈನ್’ನಲ್ಲಿ ಆರೂ ತಂತಿಗಳು ಅರ್ಧ ಸ್ವರ ಕೆಳಗಿವೆ. ಟೇಪ್ ಕಾಲದ ದಾಖಲೆಗಳು ‘ಎ’ ಸ್ವರದ ಇಂದಿನ ವಾಡಿಕೆಯ ಮಟ್ಟವಾದ 440 ಹರ್ಟ್ಸ್‌ಗೆ ಕರಾರುವಾಕ್ಕಾಗಿ ಕೂರಲೇಬೇಕೆಂದೂ ಇಲ್ಲ. ಮೂಲದ ಜೊತೆಗೆ ನುಡಿಸುವುದಾದರೆ ಟ್ಯೂನರ್ ಬದಿಗಿಟ್ಟು ಹಾಡಿಗೇ ಶ್ರುತಿ ಸೇರಿಸಿ.

ಗುಂಯ್ ಎಲ್ಲಿಂದ?

ನಮ್ಮ ಮನೆಗಳ ವಿದ್ಯುತ್ 50 ಹರ್ಟ್ಸ್‌ನದು. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಆಗಿಸುವ ಭಾಗ) ಅದನ್ನು ಆಂಟೆನಾದಂತೆ ಹೀರಿಕೊಳ್ಳುತ್ತದೆ, ಎರಡು ಕಾಯಿಲ್‌ಗಳ ಹಂಬಕರ್ ಬಹುಮಟ್ಟಿಗೆ ರದ್ದುಮಾಡುತ್ತದೆ. ಗಿಟಾರ್ ಹಿಡಿದು ಕುಳಿತಲ್ಲೇ ನಿಧಾನವಾಗಿ ಸುತ್ತ ತಿರುಗಿ. ಯಾವುದೋ ಒಂದು ದಿಕ್ಕಿನಲ್ಲಿ ಗುಂಯ್ ಕಡಿಮೆಯಾಗುತ್ತದೆ, ಆ ಕಡೆ ಮುಖಮಾಡಿಯೇ ರೆಕಾರ್ಡ್ ಮಾಡಿ. ಫ್ಯಾನ್ ರೆಗ್ಯುಲೇಟರ್, ಅಗ್ಗದ ಎಲ್ಇಡಿ ದೀಪ, ಲ್ಯಾಪ್‌ಟಾಪ್ ಚಾರ್ಜರ್ ಒಂದೊಂದಾಗಿ ಆರಿಸಿ ನೋಡಿ. ಬ್ಯಾಟರಿಯಲ್ಲಿ ಓಡುವ ಲ್ಯಾಪ್‌ಟಾಪ್ ಎಷ್ಟೋ ಸಲ ಅರ್ಧ ಸಮಸ್ಯೆಯನ್ನು ಮುಗಿಸುತ್ತದೆ.

ತಂತಿ ಮುಟ್ಟಿದಾಗ ಗುಂಯ್ ಇಳಿದರೆ ಹೆದರಬೇಕಿಲ್ಲ, ತಂತಿಗಳು ಗ್ರೌಂಡ್‌ಗೆ ಸೇರಿರುವುದರಿಂದ ಹಾಗಾಗುತ್ತದೆ. ಮುಟ್ಟಿದಾಗ ಬೆರಳು ಜುಮ್ಮೆಂದರೆ ಮಾತ್ರ ನುಡಿಸುವುದನ್ನು ನಿಲ್ಲಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಮನೆಯ ಅರ್ಥಿಂಗ್ ಕೆಟ್ಟಿರಬಹುದು. ಗುಂಯ್ ಹೋಗಲೆಂದು ಮೂರು ಪಿನ್‌ನ ಪ್ಲಗ್‌ನಿಂದ ಅರ್ಥ್ ಪಿನ್ ಕಿತ್ತುಹಾಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಜೀವಕ್ಕೇ ಅಪಾಯ.

ಒಣ ಸಿಗ್ನಲ್ ಹಿಡಿಯಿರಿ

ಒಣ ಸಿಗ್ನಲ್ ಎಂದರೆ ಆಂಪ್, ಪೆಡಲ್ ಯಾವುದೂ ಸೇರದ ಗಿಟಾರಿನ ಬರೀ ಸಿಗ್ನಲ್. ಇಂಟರ್‌ಫೇಸ್‌ನಲ್ಲಿ ‘ಇನ್ಸ್ಟ್’ ಅಥವಾ ‘ಹೈ-ಝಡ್’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತದೆ ಲೈನ್ ಇನ್‌ಪುಟ್‌ಗೆ ಗಿಟಾರ್ ಚುಚ್ಚಿದರೆ ಸದ್ದು ಮಂಕಾಗುತ್ತದೆ, ಮೇಲಿನ ಹೊಳಪೆಲ್ಲ ಸೋರಿಹೋಗುತ್ತದೆ. ಸೆಟ್ಟಿಂಗ್ 24 ಬಿಟ್, 48 ಕಿಲೋಹರ್ಟ್ಸ್; ವಿಡಿಯೊಗೂ ಅದೇ ಹೊಂದುತ್ತದೆ. ನೀವು ಮೀಟುವಷ್ಟೂ ಜೋರಾಗಿ ಮೀಟಿ, ಮೀಟರ್ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲುವಂತೆ ಇನ್‌ಪುಟ್ ಮಟ್ಟ ಹೊಂದಿಸಿ. ಸೊನ್ನೆ ಮುಟ್ಟಿದರೆ ಡಿಜಿಟಲ್ ಕರ್ಕಶತೆ ಬರುತ್ತದೆ, ಆಮೇಲೆ ಸರಿಪಡಿಸಲಾಗದು.

ಬಫರ್ (ಕಂಪ್ಯೂಟರ್ ಒಮ್ಮೆಗೆ ತೆಗೆದುಕೊಳ್ಳುವ ಸದ್ದಿನ ಪ್ರಮಾಣ) 128 ಸ್ಯಾಂಪಲ್ ಇಡಿ. ಅಲ್ಲಿಗೆ ಒಂದು ಬಫರ್‌ನ ವಿಳಂಬ ಸುಮಾರು 2.7 ಮಿಲಿಸೆಕೆಂಡ್. ಹೋಗಿಬರುವ ದಾರಿ ಎಲ್ಲ ಸೇರಿ 10ರ ಹತ್ತಿರ ಬಂದರೂ ನುಡಿಸಬಹುದು. ಚಟಪಟ ಸದ್ದು ಬಂದರೆ 256ಕ್ಕೆ ಏರಿಸಿ. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ತಯಾರಕರ ಎಎಸ್ಐಒ (ಕಡಿಮೆ ವಿಳಂಬದ) ಡ್ರೈವರ್ ಹಾಕದಿದ್ದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ.

ಒಣ ಸಿಗ್ನಲ್ ಹಿಡಿದರೆ ಆಂಪ್‌ನ ಸದ್ದನ್ನು ನಾಳೆಯೂ ಬದಲಿಸಬಹುದು. ಇದು ಕಂಪ್ಯೂಟರ್ ಕಾಲದ ಉಪಾಯವೇನಲ್ಲ. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ 1979ರ ‘ಅನದರ್ ಬ್ರಿಕ್ ಇನ್ ದ ವಾಲ್’ ಎರಡನೇ ಭಾಗದ ಸೋಲೋವನ್ನು ನೇರ ಮಿಕ್ಸಿಂಗ್ ಡೆಸ್ಕಿಗೇ ನುಡಿಸಿದ್ದರು; ಆ ಟ್ರ್ಯಾಕನ್ನು ನಂತರ ಆಂಪ್‌ಗೆ ಹಾಯಿಸಿದರು.

ಒಳ್ಳೆಯ ಆಂಪ್ ಇದ್ದು ನೆರೆಮನೆಯವರ ಒಪ್ಪಿಗೆಯೂ ಇದ್ದರೆ ಶ್ಯೂರ್ ಎಸ್ಎಂ57 ಬಗೆಯ ಡೈನಾಮಿಕ್ ಮೈಕನ್ನು ಸ್ಪೀಕರ್ ಬಟ್ಟೆಯಿಂದ 2–3 ಸೆಂ.ಮೀ. ದೂರದಲ್ಲಿ, ನಡುವಿನ ಗುಮ್ಮಟದ ಅಂಚಿಗೆ ಗುರಿಯಿಡಿ. ನಟ್ಟನಡುವೆ ಇಟ್ಟರೆ ಸದ್ದು ಚುಚ್ಚುತ್ತದೆ, ಅಂಚಿನತ್ತ ಸರಿಸಿದಷ್ಟೂ ಮೆತ್ತಗಾಗುತ್ತದೆ. ಒಂದೊಂದು ಸೆಂಟಿಮೀಟರ್ ಸರಿಸಿದರೂ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ.

ಆಂಪ್, ಸ್ಪೀಕರ್, ಗೇನ್

ಆಂಪ್ ಪ್ಲಗಿನ್ ಹಾಕಿದ ಮೇಲೂ ಜೇನ್ನೊಣ ಹೋಗದಿದ್ದರೆ ಸ್ಪೀಕರ್ ಕ್ಯಾಬಿನೆಟ್‌ನ ‘ಐಆರ್’ ಫೈಲ್ (ಕ್ಯಾಬಿನೆಟ್‌ನ ಸದ್ದಿನ ಗುಣವನ್ನು ಸೆರೆಹಿಡಿದ ಫೈಲ್) ಹಾಕಿಲ್ಲದಿರುವ ಸಂಭವ ಹೆಚ್ಚು. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್‌ನ ಮೇಲಿನದನ್ನು ಬೇಗ ಕತ್ತರಿಸಿಬಿಡುತ್ತದೆ. ಆ ಕತ್ತರಿಯಿಲ್ಲದೆ ಡಿಸ್ಟಾರ್ಷನ್ (ಒರಟಾಗಿಸಿದ ಸದ್ದು) ಕಿವಿಗೆ ಸಹಿಸುವುದೇ ಕಷ್ಟ. ‘ಬ್ಯಾಕ್ ಇನ್ ಬ್ಲ್ಯಾಕ್’ಗೆ ಮಾರ್ಷಲ್ ಮಾದರಿಯ ಆಂಪ್, 12 ಇಂಚಿನ ನಾಲ್ಕು ಸ್ಪೀಕರ್‌ಗಳ ಕ್ಯಾಬ್, ಬ್ರಿಡ್ಜ್ ಪಿಕಪ್.

ಈಗ ಗೇನ್. ನಿಮಗೆ ಸರಿಯೆನಿಸುವಷ್ಟು ಇಟ್ಟು, ಅಲ್ಲಿಂದ ಮೂರನೇ ಒಂದು ಭಾಗ ಇಳಿಸಿ. ಮೂಲ ಹಾಡನ್ನು ಗಮನವಿಟ್ಟು ಕೇಳಿ: ಪ್ರತಿ ಕಾರ್ಡ್‌ನ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ, ಮೆಲ್ಲಗೆ ಮೀಟಿದರೆ ಸದ್ದು ಬಹುತೇಕ ಸ್ವಚ್ಛವೇ ಆಗುವಷ್ಟು ಕಡಿಮೆ ಡಿಸ್ಟಾರ್ಷನ್. ಜೋರು ಕೈ, ಕಡಿಮೆ ಗೇನ್. ಒಬ್ಬರೇ ಕೋಣೆಯಲ್ಲಿ ನುಡಿಸುವಾಗ ಈ ಸದ್ದು ಬಡಕಲೆನಿಸುತ್ತದೆ. ಬಾಸ್ ಮತ್ತು ಡ್ರಮ್ಸ್ ಸೇರಿದಾಗ ಸರಿಯಾಗಿ ಕೂರುತ್ತದೆ.

ಬಿಡುವನ್ನೂ ನುಡಿಸಬೇಕು

ಕಾರ್ಡ್ ಮುಗಿದ ಕ್ಷಣವೇ ಎರಡೂ ಕೈ ಕೆಲಸ ಮಾಡಬೇಕು: ಎಡಗೈ ಬೆರಳುಗಳು ತಂತಿ ಬಿಡದೆ ಸಡಿಲವಾಗಬೇಕು, ಬಲ ಅಂಗೈಯ ಅಂಚು ಬ್ರಿಡ್ಜ್ ಹತ್ತಿರ ತಂತಿಗಳ ಮೇಲೆ ಕೂರಬೇಕು. ಒಂದೇ ಕೈ ಬಳಸಿದರೆ ಬಿಡಿ ತಂತಿಯೊಂದು ಮೆಲ್ಲಗೆ ಹಾಡುತ್ತಲೇ ಉಳಿಯುತ್ತದೆ, ಗೇನ್ ಅದನ್ನು ದೊಡ್ಡದು ಮಾಡುತ್ತದೆ. ಸಣ್ಣ ಸದ್ದನ್ನು ಮುಚ್ಚಿಹಾಕುವ ನಾಯ್ಸ್ ಗೇಟ್ ಪ್ಲಗಿನ್ ಹಾಕಿ ತಪ್ಪಿಸಿಕೊಳ್ಳುವವರಿದ್ದಾರೆ. ಗೇಟ್ ಬಿಗಿಯಾದರೆ ಕಾರ್ಡಿನ ಬಾಲವೂ ಕತ್ತರಿಸಿಹೋಗಿ ಬಿಕ್ಕಳಿಕೆಯಂತೆ ಕೇಳುತ್ತದೆ. ಅದನ್ನು ಉಳಿದ ಗುಂಯ್‌ಗಷ್ಟೇ ಮೀಸಲಿಡಿ.

94ರ ವೇಗದಲ್ಲಿ ಒಂದು ಬೀಟ್ 638 ಮಿಲಿಸೆಕೆಂಡ್, ಅದರ ಕಾಲುಭಾಗ 160. ಮೆಟ್ರೊನೋಮ್ 65ಕ್ಕೆ ಇಟ್ಟು ಆರಂಭಿಸಿ, ತಪ್ಪಿಲ್ಲದೆ ನಾಲ್ಕು ಸುತ್ತು ಬಂದ ಮೇಲೆ ಐದೈದು ಏರಿಸುತ್ತಾ ಹೋಗಿ. ಆಗಾಗ ರೆಕಾರ್ಡ್ ಮಾಡಿ ತರಂಗವನ್ನು ದೊಡ್ಡದು ಮಾಡಿ ನೋಡಿ. ಏಟುಗಳು ತಾಳದ ಗೆರೆಗಿಂತ ಸದಾ ಒಂದಿಷ್ಟು ಮೊದಲೇ ಬೀಳುತ್ತಿದ್ದರೆ ಆತುರ ಬಿಡುವಿನಲ್ಲಿದೆ. ಪಾದ ತಟ್ಟುವುದನ್ನು ಬಿಡುವಿನಲ್ಲೂ ನಿಲ್ಲಿಸಬೇಡಿ.

ಎರಡು ಸಲ

ಈ ಹಾಡಿನಲ್ಲಿ ಇಬ್ಬರು ಅಣ್ಣತಮ್ಮಂದಿರ ಎರಡು ಗಿಟಾರ್‌ಗಳಿವೆ: ಮಾಲ್ಕಂ ಯಂಗ್ ಅವರ ಗ್ರೆಚ್, ಆಂಗಸ್ ಯಂಗ್ ಅವರ ಗಿಬ್ಸನ್ ಎಸ್‌ಜಿ. ಹಾಗಾಗಿ ರಿಫ್ ಅನ್ನು ಪೂರ್ತಿ ಎರಡು ಬಾರಿ ನುಡಿಸಿ, ಒಂದನ್ನು ಪೂರ್ತಿ ಎಡ ಸ್ಪೀಕರಿಗೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ತಿರುಗಿಸಿ. ಒಂದೇ ಟೇಕನ್ನು (ಒಂದು ಸಲದ ರೆಕಾರ್ಡಿಂಗನ್ನು) ನಕಲು ಮಾಡಿ ಎರಡೂ ಕಡೆ ಇಟ್ಟರೆ ಅಗಲವಾಗುವುದಿಲ್ಲ. ಎರಡೂ ಒಂದೇ ಆದ್ದರಿಂದ ಸದ್ದು ನಡುವೆಯೇ ನಿಂತು ಜೋರಾಗುತ್ತದೆ ಅಷ್ಟೆ. ಎರಡನೇ ಟೇಕ್‌ಗೆ ಗೇನ್ ಇನ್ನೂ ಕೊಂಚ ಇಳಿಸಿ, ಸಾಧ್ಯವಾದರೆ ಬೇರೆ ಗಿಟಾರ್ ಅಥವಾ ಬೇರೆ ಪಿಕಪ್ ಬಳಸಿ. ಎರಡರ ನಡುವಿನ ಅಂತರ 20–30 ಮಿಲಿಸೆಕೆಂಡ್ ದಾಟಿದರೆ ಒಂದು ಕಾರ್ಡ್ ಎರಡು ಏಟಾಗಿ ಕೇಳುತ್ತದೆ, ಅಷ್ಟು ಭಾಗವನ್ನು ಮತ್ತೆ ನುಡಿಸಿ. ಎರಡು ಬಾರ್ ಹಿಂದಿನಿಂದ ನುಡಿಸುತ್ತಾ ಬಂದು ಸೇರಿಕೊಂಡರೆ ಕೈಯ ಒತ್ತಡ ಹೊಂದುತ್ತದೆ, ಹೊಲಿಗೆ ಕಾಣುವುದಿಲ್ಲ.

ಸೋಲೋದಲ್ಲಿ ಎಡವುವುದು ಹೆಚ್ಚಾಗಿ ತಂತಿ ಎಳೆಯುವಾಗ. ಪೂರ್ಣ ಎಳೆತವೆಂದರೆ ಎರಡು ಫ್ರೆಟ್ ಮೇಲಿನ ಸ್ವರ. ಆ ಸ್ವರವನ್ನು ಮೊದಲು ಒತ್ತಿ ನುಡಿಸಿ ಕಿವಿಗೆ ಹಾಕಿಕೊಂಡು, ಆಮೇಲೆ ಎಳೆದು ಅಲ್ಲಿಗೆ ಮುಟ್ಟಿಸಿ. ಉಂಗುರ ಬೆರಳಿಗೆ ಹಿಂದಿನ ಎರಡು ಬೆರಳು ಆಸರೆ ಕೊಡದಿದ್ದರೆ ಎಳೆತ ಅರ್ಧದಲ್ಲೇ ನಿಲ್ಲುತ್ತದೆ. ನಾಲ್ಕೈದು ಪೂರ್ತಿ ಟೇಕ್ ಹಿಡಿದು ಒಳ್ಳೆಯ ಸಾಲುಗಳನ್ನು ಆಯ್ದು ಜೋಡಿಸುವುದರಲ್ಲಿ ನಾಚಿಕೆಯೇನಿಲ್ಲ. ಪಿಂಕ್ ಫ್ಲಾಯ್ಡ್‌ನ ‘ಕಂಫರ್ಟಬ್ಲಿ ನಂಬ್’ನ ಕೊನೆಯ ಸೋಲೋ ಕೂಡ ಹಾಗೆಯೇ ಜೋಡಿಸಿದ್ದು.

ಮಿಕ್ಸಿಂಗ್

80–100 ಹರ್ಟ್ಸ್‌ನ ಕೆಳಗಿನದನ್ನು ಕತ್ತರಿಸಿ. ಅದು ಬಾಸ್ ಗಿಟಾರಿನ ಜಾಗ. ಸದ್ದು ಕೆಸರಾಗಿದ್ದರೆ 250ರ ಸುತ್ತ 2–3 ಡೆಸಿಬಲ್ ಇಳಿಸಿ, ಹಿಂದೆ ಸರಿದಂತಿದ್ದರೆ 2–3 ಕಿಲೋಹರ್ಟ್ಸ್‌ನಲ್ಲಿ ತುಸು ಏರಿಸಿ. ಈ ಹಾಡಿಗೆ ರಿವರ್ಬ್ (ಕೋಣೆಯ ಅನುರಣನ) ಬಹಳ ಕಡಿಮೆ. ಗಿಟಾರ್ ಒಂದನ್ನೇ ಕೇಳುತ್ತಾ ಗುಂಡಿ ತಿರುಗಿಸಬೇಡಿ, ಡ್ರಮ್ಸ್ ಜೊತೆಗೇ ಕೇಳಿ. ಅದೇ ದಿನ ಕಿವಿ ದಣಿದಿರುತ್ತದೆ, ಕೊನೆಯ ತೀರ್ಮಾನ ಮರುದಿನ, ಮೂಲ ಹಾಡಿನ ಪಕ್ಕದಲ್ಲಿಟ್ಟು.

ಯೂಟ್ಯೂಬ್ ಜೋರಾದ ಆಡಿಯೊವನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ) ತಾನೇ ಇಳಿಸುತ್ತದೆ, ಆದ್ದರಿಂದ ಸದ್ದು ಜೋರಾಗಲೆಂದು ಲಿಮಿಟರ್‌ನಿಂದ ಹಿಂಡುವುದು ವ್ಯರ್ಥ. ವಿಡಿಯೊ ಇದ್ದರೆ ಆರಂಭದಲ್ಲಿ ಒಂದು ಚಪ್ಪಾಳೆ ಹೊಡೆಯಿರಿ. ಕ್ಯಾಮೆರಾದ ಸದ್ದಿನಲ್ಲೂ ನಿಮ್ಮ ಟ್ರ್ಯಾಕ್‌ನಲ್ಲೂ ಆ ಮೊನೆಯನ್ನು ಹೊಂದಿಸಿದರೆ ಕೈ ಮತ್ತು ಸದ್ದು ಕೂಡುತ್ತವೆ. ಮೂಲ ದಾಖಲೆಯಿಂದ ಗಿಟಾರ್ ತೆಗೆದು ಉಳಿದದ್ದನ್ನು ಹಿನ್ನೆಲೆಗೆ ಬಳಸಿದರೆ ಯೂಟ್ಯೂಬ್‌ನ ಹಕ್ಕುಸ್ವಾಮ್ಯ ಪತ್ತೆ ವ್ಯವಸ್ಥೆಯಾದ ಕಂಟೆಂಟ್ ಐಡಿ ಅದನ್ನು ಗುರುತಿಸುವ ಸಂಭವ ಹೆಚ್ಚು. ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗಬಹುದು, ವಿಡಿಯೊ ತಡೆಹಿಡಿಯಲೂಬಹುದು. ಡ್ರಮ್ಸ್, ಬಾಸ್ ನೀವೇ ಮಾಡಿಕೊಂಡರೂ ಸಂಯೋಜನೆಯ ಹಕ್ಕು ಹಾಡು ಬರೆದವರದೇ, ಆ ಕ್ಲೇಮ್ ಆಗಲೂ ಬರಬಹುದು.