ಹ್ಯಾಂಗ್ ಆದ ಬೋರ್ಡು ತಾನೇ ಎದ್ದ ಬಗೆ

ಶಿರಸಿ ಹತ್ತಿರದ ನಮ್ಮ ಅಡಿಕೆ ತೋಟದ ಕೆಳಗೆ ಒಂದು ಹಳ್ಳ. ಅದರ ನೀರಿನ ಮಟ್ಟ ಅಳೆಯೋಕೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು ಇಟ್ಟಿದ್ದೇನೆ. ಈ ಮಳೆಗಾಲದಲ್ಲಿ ಅದು ಆಗಾಗ ಹ್ಯಾಂಗ್ ಆಗುತ್ತಿತ್ತು. ಜಾರುವ ದಾರಿಯಲ್ಲಿ ಕೊಡೆ ಹಿಡಿದು ಇಳಿದರೆ ಕೆಂಪು ದೀಪ ಉರಿಯುತ್ತಿದೆ, ಹಸಿರು ಮಿಟುಕುತ್ತಿಲ್ಲ.

ವಾಚ್‌ಡಾಗ್ ಹಾಕಿದ್ದೆನಲ್ಲ! ಅಂದರೆ, ಹೇಳಿದ ಸಮಯದೊಳಗೆ 'ಎಲ್ಲ ಸರಿ' ಅನ್ನೋ ಸೂಚನೆ ಬರದಿದ್ದರೆ ಬೋರ್ಡನ್ನು ತಾನೇ ರೀಸ್ಟಾರ್ಟ್ ಮಾಡೋ ಕಾವಲು ಟೈಮರ್. ನೋಡಿದರೆ ಅದು ಸಾಫ್ಟ್‌ಡಾಗ್, ಬರೀ ಸಾಫ್ಟ್‌ವೇರ್‌ನಲ್ಲಿರೋ ವಾಚ್‌ಡಾಗ್. ಅದು ಓಡೋದು ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಟೈಮರ್ ಮೇಲೆಯೇ. ಕರ್ನಲ್ಲೇ ಪೂರ್ತಿ ನಿಂತರೆ ಅದೂ ನಿಲ್ಲುತ್ತದೆ, ಅಲ್ವಾ? ಅದನ್ನು ತೆಗೆದು ಚಿಪ್‌ನೊಳಗಿನ ಟೈಮರ್‌ನ ಡ್ರೈವರ್ ಹಾಕಿದೆ. ಅದರ ಮಿತಿ ಸುಮಾರು 15 ಸೆಕೆಂಡ್. ಅದಕ್ಕೇ 5 ಸೆಕೆಂಡಿಗೊಮ್ಮೆ ವಾಚ್‌ಡಾಗ್ ಫೈಲಿಗೆ ಬರೆಯುತ್ತೇನೆ; ಅದೇ ಆ ಸೂಚನೆ.

ನಿಜವಾದ ತಪ್ಪು ಇನ್ನೊಂದಿತ್ತು. ಬರೆಯೋ ಕೆಲಸ ಬೇರೆ ಥ್ರೆಡ್‌ನಲ್ಲಿತ್ತು, ಅಂದರೆ ಅದೇ ಪ್ರೋಗ್ರಾಂನಲ್ಲಿ ಪಕ್ಕದಲ್ಲೇ ಪ್ರತ್ಯೇಕವಾಗಿ ಓಡುವ ಭಾಗದಲ್ಲಿ. ಸೆನ್ಸರ್ ಓದುವ ಲೂಪ್ ಸಿಕ್ಕಿಬಿದ್ದರೂ ಆ ಥ್ರೆಡ್ ಸುಮ್ನೆ 'ಎಲ್ಲ ಸರಿ' ಅನ್ನುತ್ತಿತ್ತು. ಈಗ ಸೆನ್ಸರ್ ಓದಿ ಮುಗಿದ ಮೇಲೆ, ಅದೇ ಲೂಪ್‌ನಲ್ಲೇ ಬರೆಯುತ್ತೇನೆ. ಇದು ತುಂಬಾ ಮುಖ್ಯ.

ಪರೀಕ್ಷೆಗೆ ಬೇಕಂತಲೇ ಕರ್ನಲ್ ಪ್ಯಾನಿಕ್ ಮಾಡಿಸಿದೆ, ಅಂದರೆ ಕರ್ನಲ್ ಪೂರ್ತಿ ನಿಲ್ಲುವಂತೆ ಮಾಡಿದೆ. ಹಸಿರು ದೀಪ ಸತ್ತಿತು. ಮನಸ್ಸಲ್ಲೇ ಎಣಿಸುತ್ತಾ ನಿಂತೆ. ಹದಿನೈದರ ಹೊತ್ತಿಗೆ ಅದು ಮತ್ತೆ ಮಿಟುಕಿತು.